‘ಸುಮೂದ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಪ್ಯಾಲೆಸ್ತೀನಿ ಪರ್ಫಾರ್ಮೆನ್ಸ್ ಆರ್ಟ್ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. (ಆ ಹೆಸರನ್ನು ಹಾಗೇ ಇಟ್ಟಿದ್ದೇನೆ. ‘ಪ್ರದರ್ಶನ ಕಲೆ’ ಎಂದರೆ ನಮಗೆ ನಾಟಕ, ಯಕ್ಷಗಾನ ನೆನಪಾಗುತ್ತದೆ, ಇಲ್ಲಿ ಸಾಮಾನ್ಯವಾಗಿ ವೇಷವೂ ಇಲ್ಲ, ಪಾತ್ರವೂ ಇಲ್ಲ, ಕಲಾವಿದರು ತಾವಾಗಿಯೇ ಮಾಡುವ ಕೆಲಸವೇ ಕೃತಿ.) ಸಿಕ್ಕಿಹಾಕಿಕೊಂಡಿರುವುದು ‘ಸುಮೂದ್’ ಎಂಬ ಅರಬ್ಬಿ ಮಾತಿನಲ್ಲಿ.

ನಿಘಂಟು ನೋಡಿದರೆ ದೃಢತೆ, ಸ್ಥೈರ್ಯ ಅಂತ ಬರೆಯಬಹುದು. ಆದರೆ ಅವು ಮನಸ್ಸಿನ ಗುಣಗಳು. ಸುಮೂದ್ ಅಂದರೆ ಮಾಡುವ ಕೆಲಸ. ಇಸ್ರೇಲ್ ಹುಟ್ಟಿದ 1948ರ ಯುದ್ಧದ ಹೊತ್ತಿಗೆ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಊರು ಕಳೆದುಕೊಂಡರು, ಹೆಚ್ಚಿನವರನ್ನು ಮತ್ತೆ ಒಳಗೆ ಬಿಡಲೇ ಇಲ್ಲ. ಅದನ್ನು ಕಂಡಿದ್ದ ಜನ, 1967ರಲ್ಲಿ ಜೋರ್ಡಾನ್ ನದಿಯ ಪಶ್ಚಿಮ ದಂಡೆ, ಗಾಜಾ ಕೂಡ ಇಸ್ರೇಲಿನ ಹಿಡಿತಕ್ಕೆ ಹೋದ ಮೇಲೆ, ಏನೇ ಆಗಲಿ ಮನೆ, ಹೊಲ, ಆಲಿವ್ ಮರ ಬಿಟ್ಟು ಹೋಗಬಾರದು ಎಂದು ನಿಂತರು. ಈ ಮಾತು ಜಾಸ್ತಿ ಬಳಕೆಗೆ ಬಂದದ್ದು ಆ ಮೇಲೆಯೇ.

‘ತಳವೂರುವುದು’ ಹೊಂದುತ್ತದೆ ಅನ್ನಿಸಿತ್ತು. ಆದರೆ ತಳವೂರುವವರು ಹೊರಗಿನಿಂದ ಬಂದವರು, ಅಲ್ವಾ? ಬೀಡುಬಿಡು, ಠಿಕಾಣಿ ಹೂಡು, ಝಂಡಾ ಊರು, ಎಲ್ಲವೂ ಬಂದು ಕೂತವರ ಮಾತುಗಳೇ. ಪಶ್ಚಿಮ ದಂಡೆಯಲ್ಲಿ ವಸಾಹತು ಕಟ್ಟಿಕೊಂಡವರಿಗೆ ಅವು ಚೆನ್ನಾಗಿ ಒಪ್ಪುತ್ತವೆ, ಮೊದಲಿಂದ ಇದ್ದವರಿಗಲ್ಲ! ‘ನೆಲಕಚ್ಚು’ ಅನ್ನೋಣವೆಂದರೆ ಅದು ಸೋತು ಬಿದ್ದ ಬೆಳೆಗೆ, ಸಿನಿಮಾಕ್ಕೆ ಹೇಳುವ ಮಾತಾಗಿದೆ.

ಲೇಖನದಲ್ಲಿ ಬರುವ ಎರಡು ಕೃತಿಗಳನ್ನು ಹೇಳುತ್ತೇನೆ, ಪದ ಇವೆರಡಕ್ಕೂ ಹೊಂದಬೇಕು. ಪ್ಯಾಲೆಸ್ತೀನಿ ಕಲಾವಿದೆ ರಾಯ್ದಾ ಸಾದೆ 2007ರ ‘ವ್ಯಾಕ್ಯೂಮ್’ ವಿಡಿಯೋದಲ್ಲಿ ಬೋಳು ಗುಡ್ಡಗಳ ಮೇಲೆ ವ್ಯಾಕ್ಯೂಮ್ ಕ್ಲೀನರ್ ಎಳೆಯುತ್ತಾ ನೆಲದ ಧೂಳು ತೆಗೆಯುತ್ತಾರೆ. ಗುಡ್ಡದ ಧೂಳು ಮುಗಿಯುವುದುಂಟೇ? ನಗು ಬರುತ್ತದೆ, ಆದರೆ ಆಕೆ ಸುಮ್ನೆ ಮನೆಗೆಲಸ ಮಾಡುವ ಹಾಗೆ ಮಾಡುತ್ತಲೇ ಇರುತ್ತಾರೆ. ಇಲ್ಲಿ ‘ಕದಲದಿರುವುದು’ ಸರಿಹೋಗುತ್ತದೆ. ಜಪ್ಪಯ್ಯ ಅಂದರೂ ಕದಲಲಿಲ್ಲ ಅನ್ನುತ್ತೇವಲ್ಲ, ಆ ಕದಲದಿರುವುದು.

ಇನ್ನೊಂದು ಕೃತಿ ಪ್ಯಾಲೆಸ್ತೀನಿ ಕಲಾವಿದೆ ಎಮಿಲಿ ಜಾಸಿರ್ 2001ರಿಂದ 2003ರವರೆಗೆ ಮಾಡಿದ್ದು. ಅವರ ಬಳಿ ಅಮೆರಿಕದ ಪಾಸ್‌ಪೋರ್ಟ್ ಇತ್ತು, ಹಾಗಾಗಿ ಅಲ್ಲಿ ಓಡಾಡಬಹುದಿತ್ತು. ಊರಿಗೆ ಹೋಗಲಾಗದ ಪ್ಯಾಲೆಸ್ತೀನಿಯರನ್ನು, ನಿಮ್ಮ ಪರವಾಗಿ ಅಲ್ಲಿ ಏನು ಮಾಡಲಿ ಎಂದು ಕೇಳಿ ಅದನ್ನು ಮಾಡಿಬಂದರು. ಒಬ್ಬರ ತಾಯಿಯ ಸಮಾಧಿಗೆ ಹೂವಿಟ್ಟರು. ಇನ್ನೊಬ್ಬರಿಗಾಗಿ ಹೈಫಾದ ಬೀದಿಯಲ್ಲಿ ಹುಡುಗನ ಜೊತೆ ಫುಟ್‌ಬಾಲ್ ಆಡಿದರು. ಜೆರುಸಲೇಮಿನ ಅಂಚೆ ಕಚೇರಿಯಲ್ಲಿ ಯಾರದೋ ಫೋನ್ ಬಿಲ್ ಕಟ್ಟುವುದೂ ಅದರಲ್ಲಿತ್ತು. ಹೀಗೆ ಅವರಿಂದ ಮಾಡಿಸಿಕೊಂಡವರಲ್ಲಿ ಹಲವರು ಕದಲಿ ಆಗಿದೆ, ಕದಲಿಸಲಾಗಿದೆ. ಆದರೂ ಲೇಖಕರು ಅವರಿಗೂ ಸುಮೂದ್ ಅನ್ನುತ್ತಾರೆ. ಇಲ್ಲಿ ‘ಕದಲದಿರುವುದು’ ಬರೆದರೆ ಅಪಹಾಸ್ಯವಾದೀತು.

‘ಪಟ್ಟು’ ಹೇಗೆ? ‘ಊರಿನ ಪಟ್ಟು ಬಿಡದಿರುವುದು’ ಅಂದರೆ ಒಳಗಿದ್ದವರಿಗೂ ಹೊರಗಿದ್ದವರಿಗೂ ಹೊಂದೀತು. ಕುಸ್ತಿಯ ವಾಸನೆ ಸ್ವಲ್ಪ ಬರುತ್ತದೆ, ನನಗದು ಅಡ್ಡಿಯಿಲ್ಲ. ಆದರೆ ಒಂದೇ ಪದದ ನಾಮರೂಪ ಬೇಕು, ಲೇಖನದ ತಲೆಬರಹದಲ್ಲೇ ಸುಮೂದ್ ಇದೆ. ಉತ್ತರ ಕರ್ನಾಟಕದ, ಕರಾವಳಿಯ ಮಾತಲ್ಲಿ ಏನಾದರೂ ಇದ್ದರೆ ಬರೆಯಿರಿ. ಸಂಸ್ಕೃತದಿಂದ ಹೊಸದಾಗಿ ಕಟ್ಟಿದ್ದು ಮಾತ್ರ ಬೇಡ, ಅಂಥವು ನನ್ನ ಹತ್ತಿರವೇ ಸಾಕಷ್ಟಿವೆ.