ನೀಲಿ ಮಂಜುಗಡ್ಡೆಯ ಮೇಲೆ ದೊಡ್ಡ ವಿಮಾನ ಇಳಿಯುವುದು ಹೇಗೆ?

ಪ್ರಶ್ನೆ: 2023ರ ನವೆಂಬರ್‌ನಲ್ಲಿ ನಾರ್ಸ್ ಅಟ್ಲಾಂಟಿಕ್ ಸಂಸ್ಥೆಯ ಬೋಯಿಂಗ್ 787 ವಿಮಾನವು ಅಂಟಾರ್ಕ್ಟಿಕಾದಲ್ಲಿರುವ ನಾರ್ವೆಯ ಟ್ರೋಲ್ ಸಂಶೋಧನಾ ನೆಲೆಯಲ್ಲಿ ಇಳಿಯಿತೆಂದು ಓದಿದೆ. ಅಷ್ಟು ಭಾರಕ್ಕೆ ಮಂಜುಗಡ್ಡೆ ಬಿರಿಯುವುದಿಲ್ಲವೇ? ಚಕ್ರಗಳು ಜಾರುವುದಿಲ್ಲವೇ?

ಉತ್ತರ 1: ಭಾರದ ಬಗ್ಗೆ ಆತಂಕ ಬೇಡ. ಅಲ್ಲಿನ ಮಂಜುಗಡ್ಡೆ ನೀರಿನ ಮೇಲೆ ತೇಲುವ ತೆಳು ಪದರವಲ್ಲ. ದೀರ್ಘಕಾಲ ಹಿಮದ ಮೇಲೆ ಹಿಮ ಬಿದ್ದು, ಒತ್ತಡಕ್ಕೆ ಸಿಲುಕಿ, ಒಳಗಿನ ಗಾಳಿಗುಳ್ಳೆಗಳು ಕುಗ್ಗಿ, ಕಲ್ಲಿನಂತೆ ಗಟ್ಟಿಯಾದ ಹಿಮನದಿಯ ನೀಲಿ ಗಡ್ಡೆ. ನಿಜವಾದ ತೊಡಕು ಜಾರುವಿಕೆಯೇ. ಆದ್ದರಿಂದ ಮೇಲ್ಮೈಯನ್ನು ಯಂತ್ರಗಳಿಂದ ಕೆರೆದು ಒರಟಾಗಿಸುತ್ತಾರೆ. ಟ್ರೋಲ್‌ನ ರನ್‌ವೇ 3000 ಮೀಟರ್ ಉದ್ದವಿರುವುದರಿಂದ ನಿಧಾನವಾಗಿ ವೇಗ ತಗ್ಗಿಸಲು ಅವಕಾಶವೂ ಇರುತ್ತದೆ.

ಉತ್ತರ 2: ಕಣ್ಣಿಗೆ ಬಡಿಯುವ ಬೆಳಕನ್ನು ಮರೆಯಬೇಡಿ. 2021ರಲ್ಲಿ ಹೈ ಫ್ಲೈ ಸಂಸ್ಥೆಯ ಏರ್‌ಬಸ್ ಎ340 ವಿಮಾನವು ಕೇಪ್‌ಟೌನ್‌ನಿಂದ ಹೊರಟು ಅಂಟಾರ್ಕ್ಟಿಕಾದ ವುಲ್ಫ್ಸ್ ಫ್ಯಾಂಗ್ ಎಂಬ ಮಂಜುಗಡ್ಡೆಯ ರನ್‌ವೇಯಲ್ಲಿ ಇಳಿದಾಗ, ಮಂಜುಗಡ್ಡೆಯ ಪ್ರತಿಫಲನವನ್ನು ತಡೆಯುವ ಕನ್ನಡಕ ಪೈಲಟ್‌ಗಳಿಗೆ ಅಗತ್ಯವಾಗಿತ್ತು. ಮರುಪಯಣದ ಇಂಧನವನ್ನೂ ವಿಮಾನವೇ ಹೊತ್ತೊಯ್ದಿತ್ತು.

ಉತ್ತರ 3: ಈ ಬಗೆಯ ರನ್‌ವೇ ಭಾರತೀಯರಿಗೂ ಅಪರಿಚಿತವಲ್ಲ. ಅಂಟಾರ್ಕ್ಟಿಕಾದಲ್ಲಿರುವ ನಮ್ಮ ಮೈತ್ರಿ ಸಂಶೋಧನಾ ನೆಲೆಗೆ ಹೋಗುವ ವಿಜ್ಞಾನಿಗಳು ಕೇಪ್‌ಟೌನ್‌ನಿಂದ ಹಾರಿ ಸಮೀಪದ ನೋವೊ ಎಂಬ ಮಂಜುಗಡ್ಡೆಯ ರನ್‌ವೇಯಲ್ಲಿ ಇಳಿಯುತ್ತಾರೆ. ಆದರೆ ಅಲ್ಲಿ ಬಹುಕಾಲ ದುಡಿದದ್ದು ಪ್ರಯಾಣಿಕ ಜೆಟ್ ಅಲ್ಲ, ಇಲ್ಯೂಷಿನ್ 76 ಎಂಬ ಸರಕು ವಿಮಾನ.