ಒಂದೇ ಕಡತದ ರಸ್ಟ್ ಪ್ರೋಗ್ರಾಮನ್ನು ಬೇರೆಯವರೂ ಬಳಸುವಂತೆ ಬಿಡಿಸುವುದು ಹೇಗೆ?

ಉಡುಪಿಯಿಂದ ಪ್ರಶ್ನೆ

ನುಡಿ ತಂತ್ರಾಂಶದಲ್ಲಿ ಬೆರಳಚ್ಚಾಗಿರುವ ಹಳೆಯ ಯಕ್ಷಗಾನ ಪ್ರಸಂಗಗಳನ್ನು ಯುನಿಕೋಡ್‌ಗೆ ತಿರುಗಿಸಲು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಮ್ ಬರೆದಿದ್ದೇನೆ. ಕಡತ ಓದುವುದು, ಪರಿವರ್ತಿಸುವುದು, ಎಡವಟ್ಟಾದರೆ ಸಂದೇಶ ತೋರಿಸಿ ನಿಲ್ಲುವುದು, ಎಲ್ಲವೂ ಮೇನ್.ಆರ್‌ಎಸ್ ಒಂದರಲ್ಲೇ ಇದೆ. ಮಂಗಳೂರಿನ ಗೆಳೆಯರೊಬ್ಬರು ತಮ್ಮ ಸರ್ವರ್‌ಗೆ ಇದನ್ನು ಡಿಪೆಂಡೆನ್ಸಿಯಾಗಿ (ತಮ್ಮ ಕೋಡ್ ಅವಲಂಬಿಸುವ ಹೊರಗಿನ ಭಾಗವಾಗಿ) ಸೇರಿಸಿಕೊಳ್ಳಬೇಕೆಂದಿದ್ದಾರೆ. ವರ್ಕ್‌ಸ್ಪೇಸ್ (ಹಲವು ಪ್ಯಾಕೇಜುಗಳ ಒಂದು ಗುಂಪು) ಮಾಡಿ ನಾಲ್ಕಾರು ಕ್ರೇಟ್‌ಗಳಾಗಿ, ಅಂದರೆ ಬೇರೆಬೇರೆಯಾಗಿ ಕಂಪೈಲ್ ಆಗುವ ಘಟಕಗಳಾಗಿ, ಒಡೆಯಬೇಕೇ? ಇಂಥ ಕೆಲಸ ಮಾಡಿದವರು ತಿಳಿಸಿ.

ಮಣಿಪಾಲದಿಂದ

ನಾಲ್ಕಾರು ಕ್ರೇಟ್ ಯಾಕೆ ಮಾರಾಯರೇ? ಒಂದು ಪ್ಯಾಕೇಜಿನಲ್ಲಿ ಒಂದು ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸುವ ಕೋಡ್) ಮತ್ತು ಬೇಕಾದಷ್ಟು ಬೈನರಿಗಳು (ನೇರವಾಗಿ ಓಡಿಸುವ ಪ್ರೋಗ್ರಾಮ್‌ಗಳು) ಇರಬಹುದು. ಮೇನ್.ಆರ್‌ಎಸ್ ಪಕ್ಕದಲ್ಲೇ ಲಿಬ್.ಆರ್‌ಎಸ್ ಇಟ್ಟರೆ ರಸ್ಟ್‌ನ ಪ್ಯಾಕೇಜ್ ಸಾಧನವಾದ ಕಾರ್ಗೋ ಅದನ್ನು ಲೈಬ್ರರಿಯೆಂದು ತಾನಾಗಿ ಗುರುತಿಸುತ್ತದೆ. ಮೇನ್‌ನಿಂದ ಅದನ್ನು ಪ್ಯಾಕೇಜಿನ ಹೆಸರಿನಿಂದಲೇ ಕರೆಯಿರಿ. ಹೆಸರಿನಲ್ಲಿ ಅಡ್ಡಗೆರೆಯಿದ್ದರೆ ಕೋಡ್‌ನಲ್ಲಿ ಅದು ಅಡಿಗೆರೆಯಾಗುತ್ತದೆ. ಅವೇ ಮಾಡ್ಯೂಲ್‌ಗಳನ್ನು ಮೇನ್‌ನಲ್ಲಿ ಮತ್ತೊಮ್ಮೆ ಘೋಷಿಸಬೇಡಿ. ಹಾಗೆ ಮಾಡಿದರೆ ಒಂದೇ ಕೋಡ್ ಎರಡು ಸಲ ಕಂಪೈಲ್ ಆಗಿ, ನೋಡಲು ಒಂದೇ ಆದರೂ ಕಂಪೈಲರ್‌ಗೆ ಬೇರೆಬೇರೆಯಾದ ಟೈಪ್‌ಗಳು ಹುಟ್ಟಿ ತಲೆ ತಿನ್ನುತ್ತವೆ.

ಕಡತಗಳನ್ನು ಎಲ್ಲಿಡುವುದು ಎಂಬುದು ಸುಲಭದ ಭಾಗ. ಯಾವ ತೀರ್ಮಾನ ಯಾರದು ಎಂಬುದೇ ನಿಜವಾದ ಕೆಲಸ. ನಮ್ಮ ಕಚೇರಿಯಲ್ಲಿ ಬಳಸುತ್ತಿದ್ದ ಒಂದು ಕ್ರೇಟ್‌ನ ಒಳಗೆಲ್ಲೋ ಪ್ರೋಸೆಸ್ ಎಕ್ಸಿಟ್, ಅಂದರೆ ಇಡೀ ಪ್ರೋಗ್ರಾಮನ್ನೇ ನಿಲ್ಲಿಸುವ ಆಜ್ಞೆ, ಅಡಗಿತ್ತು. ಯಾರಾದರೂ ಕೆಟ್ಟ ಕಡತ ಕೊಟ್ಟರೆ ಇಡೀ ಸರ್ವರ್ ಮಲಗುತ್ತಿತ್ತು! ಲೈಬ್ರರಿಯಲ್ಲಿ ಎಕ್ಸಿಟ್, ತೆರೆಗೆ ಬರೆಯುವ ಪ್ರಿಂಟ್‌ಲೈನ್, ಕಂಡಕಂಡಲ್ಲಿ ದೋಷ ಬಂದೊಡನೆ ಪ್ರೋಗ್ರಾಮನ್ನು ಬೀಳಿಸುವ ಅನ್‌ರ‍್ಯಾಪ್, ಇವು ಯಾವುವೂ ಇರಬಾರದು. ರಿಸಲ್ಟ್ (ಫಲಿತಾಂಶ ಅಥವಾ ದೋಷ) ಹಿಂತಿರುಗಿಸಿ, ನಿಲ್ಲಬೇಕೋ ಮುಂದುವರಿಯಬೇಕೋ ಎಂಬುದನ್ನು ಕರೆದವರು ನೋಡಿಕೊಳ್ಳುತ್ತಾರೆ.

ಕದ್ರಿಯಿಂದ

ಮೇಲಿನವರ ಮಾತಿಗೆ ಸೇರಿಸುತ್ತೇನೆ. ಪರಿವರ್ತಿಸುವ ಫಂಕ್ಷನ್‌ಗೆ ಕಡತದ ದಾರಿಯನ್ನು ಕೊಡಬೇಡಿ, ಬೈಟ್‌ಗಳನ್ನೇ ಕೊಡಿ. ಸರ್ವರ್‌ನಲ್ಲಿ ಕಡತವೇ ಇರುವುದಿಲ್ಲ, ಅಪ್‌ಲೋಡ್ ಆದದ್ದು ಮೆಮೊರಿಯಲ್ಲಿರುತ್ತದೆ. ಹಳೆಯ ನುಡಿ ಪಠ್ಯ ಯುಟಿಎಫ್-8 ಅಲ್ಲವಾದ್ದರಿಂದ ರಸ್ಟ್‌ನ ಸ್ಟ್ರಿಂಗ್ ಟೈಪ್ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ತುಂಡುತುಂಡಾಗಿ ಕೊಡುವ ವ್ಯವಸ್ಥೆಯನ್ನೂ ಸದ್ಯಕ್ಕೆ ಇಡಬೇಡಿ. ನುಡಿಯ ಹಳೆಯ ಅಕ್ಷರಕ್ರಮದಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ರಕಾರ ಮೊದಲು. ತುಂಡಿನ ಅಂಚು ಅವೆರಡರ ನಡುವೆ ಬಿದ್ದರೆ ‘ಕರ್ಣಪರ್ವ’ ಏನಾದೀತೆಂದು ಹೇಳಬೇಕಿಲ್ಲ. ಸಾಲು ಸಾಲಾಗಿ ಕೊಟ್ಟರೆ ಸಾಕು.

ದೋಷಗಳಿಗೆ ನಿಮ್ಮದೇ ಈನಮ್ (ಆಯ್ಕೆಗಳ ಪಟ್ಟಿಯಾದ ಟೈಪ್) ಮಾಡಿ, ಅದಕ್ಕೆಂದೇ ಇರುವ ದಿಸ್‌ಎರರ್ ಕ್ರೇಟ್ ಬಳಸಿದರೆ ಬರವಣಿಗೆ ಕಡಿಮೆ. ಎಲ್ಲ ದೋಷಗಳನ್ನೂ ಒಂದೇ ಟೈಪ್‌ನಲ್ಲಿ ಹಿಡಿಯುವ ಎನಿಹೌ ಕ್ರೇಟ್ ಮೇನ್‌ನಲ್ಲಿ ಮಾತ್ರ ಇರಲಿ. ಎಷ್ಟನೆಯ ಬೈಟ್‌ನಲ್ಲಿ ತೊಡಕು ಎಂಬುದು ನಿಮ್ಮ ಗೆಳೆಯರ ಕೋಡ್‌ಗೆ ತಿಳಿಯಬೇಕು, ಬರೀ ವಾಕ್ಯ ಸಿಕ್ಕಿದರೆ ಅವರೇನು ಮಾಡಿಯಾರು?

ಲಿಪಿಗಳ ಈನಮ್ ಇದ್ದರೆ ನಾನ್-ಎಕ್ಸಾಸ್ಟಿವ್ (ಮುಂದೆ ಆಯ್ಕೆಗಳು ಹೆಚ್ಚಬಹುದು ಎಂಬ) ಗುರುತು ಹಾಕಿಡಿ. ಇವತ್ತು ಕನ್ನಡ ಒಂದೇ ಸಾಕೆನಿಸಬಹುದು, ಆದರೆ ತುಳು-ತಿಗಳಾರಿ 2024ರ ಯುನಿಕೋಡ್ 16ರಲ್ಲಿ ಬಂದಾಗಿದೆ; ನಮ್ಮ ಜಿಲ್ಲೆಗಳಲ್ಲಿ ಅದನ್ನು ಕೇಳುವವರು ಬಂದೇ ಬರುತ್ತಾರೆ. ಗುರುತು ಇಲ್ಲದೆ ಹೊಸ ಲಿಪಿ ಸೇರಿಸಿದರೆ, ಎಲ್ಲ ಆಯ್ಕೆಗಳನ್ನೂ ಎಣಿಸಿ ಮ್ಯಾಚ್ ಬರೆದವರ ಕೋಡ್ ಕಂಪೈಲ್ ಆಗುವುದಿಲ್ಲ.

ಸುರತ್ಕಲ್‌ನಿಂದ

ವರ್ಕ್‌ಸ್ಪೇಸ್ ಬೇಡವೆಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆಯಿಲ್ಲ. ಕಮಾಂಡ್ ಆಯ್ಕೆಗಳನ್ನು ಓದಲು ಕ್ಲ್ಯಾಪ್ ಎಂಬ ಕ್ರೇಟ್ ಬಳಸಿರುತ್ತೀರಲ್ಲ? ಒಂದೇ ಪ್ಯಾಕೇಜಾದರೆ ಅದು ಗೆಳೆಯರ ಸರ್ವರ್‌ನ ಡಿಪೆಂಡೆನ್ಸಿಗಳಿಗೂ ಬಂದು ಸೇರುತ್ತದೆ. ಅದನ್ನು ಫೀಚರ್ (ಬೇಕೆಂದವರು ಆರಿಸಿಕೊಳ್ಳುವ ಭಾಗ) ಮಾಡಿ ಐಚ್ಛಿಕವಾಗಿಡಬಹುದು. ಡೀಫಾಲ್ಟ್ ಆಗಿಟ್ಟರೆ ಅವರು ಡೀಫಾಲ್ಟ್ ಫೀಚರ್‌ಗಳು ಬೇಡವೆಂದು ನೆನಪಿಟ್ಟು ಬರೆಯಬೇಕು. ಇಡದಿದ್ದರೆ ಬೈನರಿಯನ್ನು ಇನ್‌ಸ್ಟಾಲ್ ಮಾಡುವವರು ಫೀಚರ್ ಹೆಸರು ಹೇಳಬೇಕು. ಎರಡೂ ಕಿರಿಕಿರಿ. ಲೈಬ್ರರಿಗೊಂದು, ಕಮಾಂಡ್‌ಗೊಂದು, ಹೀಗೆ ಎರಡೇ ಕ್ರೇಟ್‌ಗಳ ವರ್ಕ್‌ಸ್ಪೇಸ್ ಆದರೆ ಈ ತಾಪತ್ರಯವಿಲ್ಲ. ಎರಡಕ್ಕಿಂತ ಹೆಚ್ಚು ಮಾತ್ರ ಶೋಕಿ.

ರಸ್ಟ್ ಕ್ರೇಟ್‌ಗಳ ಸಾರ್ವಜನಿಕ ಭಂಡಾರವಾದ ಕ್ರೇಟ್ಸ್.ಐಒಗೆ ಹಾಕಲು ಅವಸರ ಬೇಡ. ಗೆಳೆಯರು ಕೋಡಿನ ಗಿಟ್ ವಿಳಾಸ ಮತ್ತು ಕಮಿಟ್ (ಉಳಿಸಿದ ಬದಲಾವಣೆಯ ಗುರುತು) ಕೊಟ್ಟೇ ಬಳಸಲಿ. ಅವರ ಕೋಡ್‌ನಲ್ಲಿ ಕೂತ ಮೇಲೆಯೇ ನಿಮ್ಮ ಫಂಕ್ಷನ್‌ಗಳ ಆಕಾರ ಸರಿಯಿದೆಯೇ ಎಂದು ಗೊತ್ತಾಗುವುದು. ಪ್ರಕಟಿಸಿದ ಆವೃತ್ತಿಯನ್ನು ಯಾಂಕ್ ಮಾಡಿದರೂ (ಹಿಂತೆಗೆದರೂ) ಅದು ಅಳಿಯುವುದಿಲ್ಲ. ಪ್ರಕಟಿಸುವವರೆಗೆ, ಹೊರಗಿನವರಿಗೆ ತೆರೆದಿಡುವ ಪಬ್ ಎಂಬುದನ್ನು ಜಿಪುಣರಂತೆ ಬಳಸಿ, ಒಳಗಿನದಕ್ಕೆ ಪಬ್-ಕ್ರೇಟ್ ಸಾಕು. ಆವೃತ್ತಿ 0.1ರಿಂದ 0.2ಕ್ಕೆ ಹೋದರೆ ಕಾರ್ಗೋ ಅದನ್ನು ಹೊಂದಿಕೆಯಾಗದ ಬದಲಾವಣೆಯೆಂದೇ ಪರಿಗಣಿಸುತ್ತದೆ ಎಂಬುದೂ ನೆನಪಿರಲಿ.

ಉಡುಪಿಯಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಎರಡು ಕ್ರೇಟ್‌ಗಳಾಗಿ ಮಾಡುತ್ತೇನೆ. ಪರೀಕ್ಷೆಗೆಂದು ಟೆಸ್ಟ್ಸ್ ಫೋಲ್ಡರಿನಲ್ಲಿ ಪೂರ್ತಿ ಪ್ರಸಂಗಗಳನ್ನೇ ಇಟ್ಟಿದ್ದೇನೆ. ಅವು ಹಾಗೆಯೇ ಇರಬಹುದೇ?

ಕದ್ರಿಯಿಂದ

ಬೇಡ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ನಿಮ್ಮ ಕೋಡ್‌ಗೆ ಎಂಐಟಿ ಮುಕ್ತ ಪರವಾನಗಿ ಹಾಕಿದ ಮಾತ್ರಕ್ಕೆ ಅವರ ಪದ್ಯ ನಿಮ್ಮದಾಗುವುದಿಲ್ಲ. ಪ್ಯಾಕೇಜಿನ ವಿವರವಿರುವ ಕಾರ್ಗೋ.ಟಾಮ್ಲ್ ಕಡತದ ಎಕ್ಸ್‌ಕ್ಲೂಡ್ (ಬಿಟ್ಟುಬಿಡುವ ಪಟ್ಟಿ)ನಲ್ಲಿ ಬರೆದರೆ ಪ್ಯಾಕೇಜಿನಿಂದ ಮಾತ್ರ ಹೊರಗುಳಿಯುತ್ತವೆ, ಗಿಟ್‌ನಲ್ಲಿ ಇದ್ದೇ ಇರುತ್ತವೆ. ಒತ್ತಕ್ಷರ, ಅರ್ಕಾವತ್ತು, ದೀರ್ಘ ಎಲ್ಲವೂ ಬರುವಂತೆ ನೀವೇ ಹತ್ತಾರು ಸಾಲು ಬರೆದು ಅವನ್ನೇ ಪರೀಕ್ಷೆಗೆ ಇಡಿ.