ಟಾರ್ಚು ಒಮ್ಮೆ ಹತ್ತತದ, ಒಮ್ಮೆ ಹತ್ತಂಗಿಲ್ಲ: ಸೆಲ್ಲೋ, ಬಟನ್ನೋ?

ಕರಿಮಣ್ಣು (ಜೇವರ್ಗಿ)

ಎಲ್ಲಾರಿಗೂ ಶರಣಾರ್ಥಿ. ನಂದು ಅಲ್ಯೂಮಿನಿಯಂ ಬಾಡಿದು ಎಲ್‌ಇಡಿ ಟಾರ್ಚು. ಒಂದೇ 18650 ಸೆಲ್ಲು (ಮತ್ತ ಮತ್ತ ಚಾರ್ಜ್ ಮಾಡೋ ಲಿಥಿಯಂ ಸೆಲ್ಲು), ಹಿಂದ ಒತ್ತೋ ಬಟನ್. ಈಗೀಗ ಬಟನ್ ಒತ್ತಿದ್ರ ಒಮ್ಮೆ ಝಗ್ ಅಂತ ಹತ್ತತದ, ಒಮ್ಮೆ ಮಿಣಕ್ ಮಿಣಕ್ ಅಂತದ, ಒಮ್ಮೆ ಏನೂ ಇಲ್ಲ. ಅಂಗೈಗೆ ಬಡದ್ರ ಮತ್ತ ಹತ್ತತದ. ಇನ್ನೊಂದು ಅಂದ್ರ, ಬಂದ್ ಮಾಡಿ ಚೀಲದಾಗ ಇಟ್ಟಿದ್ರೂ ಒಮ್ಮೊಮ್ಮೆ ತಾನೇ ಹತ್ತಿರ್ತದ. ಪಂಪಿಗೆ ತ್ರೀಫೇಸ್ ಕರೆಂಟ್ ರಾತ್ರಿ ಪಾಳಿ ಬಂದಾಗ ನೀರು ತಿರುಗಿಸಾಕ ಹೊಲಕ್ಕ ಹೋಗಲೇಬೇಕು, ಬದುವಿನ ಮ್ಯಾಲ ಹಾವು ಚೇಳು ಇರ್ತಾವ. ನಡು ಹೊಲದಾಗ ಬೆಳಕು ಹೋದ್ರ ಕಾಲು ಎಲ್ಲಿ ಇಡಬೇಕು ತಿಳಿಯಂಗಿಲ್ಲ. ಸೆಲ್ಲು ಬದಲ ಮಾಡ್ಲೋ, ಟಾರ್ಚೇ ಬದಲ ಮಾಡ್ಲೋ?

ಸೇಡಂ ರೋಡ್

ಸೆಲ್ಲೇ ಹೋಗಿರ್ತದ್ರಿ. 9900 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡೀತದ ಅನ್ನೋ ಲೆಕ್ಕ) ಅಂತ ಬರದಿದ್ದು ಕಡಿಮಿ ರೇಟಿಗೆ ಸಿಗ್ತಾವ. ಒಂದು ಹಾಕಿ ನೋಡ್ರಿ.

ಸೋಲ್ಡರ್ ಕಾಕಾ (ಕಲಬುರಗಿ)

9900 ಬರದಿರೋ ಸೆಲ್ಲು ಯಾರೂ ತಗೋಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಡಬ್ಬಿದಾಗ ಅಷ್ಟು ಹಿಡಿಸಂಗಿಲ್ಲ. ಖರೇ ಸೆಲ್ಲು ಹೆಚ್ಚಾಗಿ 2500ರಿಂದ 3500 ಎಂಎಎಚ್ ಇರ್ತಾವ, ತೂಕ 45 ಗ್ರಾಂ ಆಸುಪಾಸು. ಬಂಗಾರದ ಅಂಗಡಿ ತಕ್ಕಡಿದಾಗ ಇಟ್ಟು 30 ಗ್ರಾಂ ತೋರಿಸಿದ್ರ ಅಲ್ಲೇ ಬಿಟ್ಟು ಬರ್ರಿ.

ಈಗ ತಮ್ಮಾ, ನಿನ್ನ ಟಾರ್ಚಿಗೆ ಒಂದಲ್ಲ, ಎರಡು ರೋಗ ಇರಬೇಕು ಅನಸ್ತದ. ಹತ್ತಬೇಕಾದಾಗ ಹತ್ತಂಗಿಲ್ಲ ಅನ್ನೋದು ಒಂದು. ಹತ್ತಬಾರದಾಗ ಹತ್ತತದ ಅನ್ನೋದು ಇನ್ನೊಂದು, ಅಪಾಯದ್ದು ಅದೇ. ಆದ್ದರಿಂದ ಮೊದಲು ಸೆಲ್ಲು ಹೊರಗ ತಗಿ, ಬಿಸಲಿಗೆ ಹಿಡದು ಅದರ ಮ್ಯಾಲಿನ ಪ್ಲಾಸ್ಟಿಕ್ ಹೊದಿಕಿ ಸುತ್ತಲೂ ನೋಡು. ಎಲ್ಲರ ಹರದದ ಏನು?

ಯಾಕ ಕೇಳ್ತೀನಿ ಅಂದ್ರ, ಈ ಸೆಲ್ಲಿನ ಇಡೀ ಲೋಹದ ಡಬ್ಬಿ ಮೈನಸ್. ಪ್ಲಸ್ ಅನ್ನೋದು ಮ್ಯಾಲಿನ ಸಣ್ಣ ಗುಬಟಿ ಅಷ್ಟೇ. ನಿನ್ನಂಥ ಟಾರ್ಚಿನಾಗ ಬಾಡಿನೂ ಮೈನಸ್ ತಂತಿದೇ ಕೆಲಸ ಮಾಡ್ತದ: ಸೆಲ್ಲಿನ ಬುಡ, ಸ್ಪ್ರಿಂಗು, ಬಟನ್, ಹಿಂದಿನ ಮುಚ್ಚಳ, ಬಾಡಿ, ಆಮ್ಯಾಲ ಮುಂದಿನ ತಲಿದಾಗಿನ ಸರ್ಕೀಟು. ಹೊದಿಕಿ ಪಕ್ಕದಾಗ ಹರದ್ರ ಡಬ್ಬಿ ನೇರ ಬಾಡಿಗೆ ತಾಗ್ತದ, ಬಟನ್ ಕೇಳೋರೇ ಇಲ್ಲ, ದೀಪ ತಾನೇ ಹತ್ತತದ. ಪಕ್ಕದಾಗ ಹರದಿದ್ರ ಇಷ್ಟಕ್ಕ ಮುಗೀತದ. ಮ್ಯಾಲಿನ ಭುಜದ ಹತ್ರ, ಪ್ಲಸ್ ಗುಬಟಿ ಸುತ್ತ ಹರದ್ರ ತಲಿದಾಗಿನ ಪ್ಲಸ್ ಪತ್ತಿ ಡಬ್ಬಿಗೆ ತಾಗಿ ನೇರ ಶಾರ್ಟ್ ಆಗ್ತದ. ಆಗ ಸೆಲ್ಲು ಕಾದು ಹೊಗಿ ಬಿಡ್ತದ, ಬೆಂಕಿನೂ ಹತ್ತಬಹುದು. ಹರದ ಹೊದಿಕಿ ಸೆಲ್ಲು ಮತ್ತ ಟಾರ್ಚಿಗೆ ಹಾಕಬ್ಯಾಡ, ಒಂದು ರಾತ್ರಿ ಮಟ್ಟಿಗೂ ಬ್ಯಾಡ.

ಹೊದಿಕಿ ಸರಿ ಇರೋ ಇನ್ನೊಂದು ಸೆಲ್ಲು ಯಾರ ಹತ್ರನರ ತಂದು, ಪ್ಲಸ್ ಮುಂದಾಗಿ ಹಾಕಿ, ಹಿಂದಿನ ಮುಚ್ಚಳ ಹಾಕದೇ ಒಂದು ತುಂಡು ತಂತಿ ತಗೋ. ಒಂದು ತುದಿ ಸೆಲ್ಲಿನ ಬುಡಕ್ಕ, ಇನ್ನೊಂದು ಬಾಡಿಯ ಹಿಂದಿನ ಅಂಚಿಗೆ ಒತ್ತಿ ಹಿಡಿ. ಬಣ್ಣದ ಮ್ಯಾಲ ಇಟ್ರ ಕರೆಂಟ್ ಹರಿಯಂಗಿಲ್ಲ, ಬಿಳಿ ಲೋಹ ಕಾಣೋ ಕಡೆ ಇಡಬೇಕು. ನಡುವ ಎಲ್‌ಇಡಿ ಇರೋದರಿಂದ ಇದು ಶಾರ್ಟ್ ಅಲ್ಲ. ಆದ್ರೂ ತಂತಿ ಬಿಸಿ ಆದ್ರ ಬಿಟ್ಟುಬಿಡು. ಬೆಳಕು ಅಲುಗದೇ ನಿಂತ್ರ ತಪ್ಪು ಹಿಂದಿನ ಮುಚ್ಚಳದಾಗ ಅದ. ಹಿಂಗ ಹಿಡದಾಗಲೂ ಮಿಣುಕಿದ್ರ ತಲಿ ಕಡೆ ನೋಡಬೇಕು.

ಕರಿಮಣ್ಣು (ಜೇವರ್ಗಿ)

ಕಾಕಾ, ನೀವಂದಂಗ ಪಕ್ಕದಾಗ ಉದ್ದಕ ಸೀಳಿ ಹೋಗ್ಯಾದ, ಒಳಗಿನ ಲೋಹ ಕಾಣ್ತದ. ಮ್ಯಾಲಿನ ಕಡೆಗೂ ಸ್ವಲ್ಪ ಬಿಚ್ಚಿಕೊಂಡದ. ಇಷ್ಟು ದಿನ ಇದನ್ನೇ ಅಂಗಿ ಕಿಸೆದಾಗ ಇಟಗೊಂಡು ಅಡ್ಡಾಡಿದ್ದೆ. ಅಣ್ಣನ ಸೆಲ್ಲು ಹಾಕಿ ತಂತಿ ಹಿಡದ್ರ ಬೆಳಕು ಗಟ್ಟಿ ನಿಂತದ, ಅಲ್ಲಾಡಿಸಿದ್ರೂ ಹೋಗಂಗಿಲ್ಲ. ಮುಚ್ಚಳ ಹಾಕಿದ್ರ ಮತ್ತ ಅದೇ ಮಿಣುಕು.

ಸೋಲ್ಡರ್ ಕಾಕಾ (ಕಲಬುರಗಿ)

ಹಂಗಾದ್ರ ಟಾರ್ಚು ಒಗಿಯೋದು ಬೇಕಾಗಿಲ್ಲ. ಮುಚ್ಚಳದ ಒಳಗ ನೋಡು, ಸ್ಪ್ರಿಂಗಿನ ಸುತ್ತ ಒಂದು ರಿಂಗ್ ಅದ, ಅದಕ್ಕ ಎದುರುಬದುರು ಎರಡು ಸಣ್ಣ ತೂತು. ಬಟನ್ನಿನ ಪ್ಲೇಟ್ ಒತ್ತಿ ಹಿಡಿಯೋದೂ ಅದೇ, ಕರೆಂಟ್ ಮುಚ್ಚಳಕ್ಕ ದಾಟಿಸೋದೂ ಅದೇ. ಬಟನ್ ಒತ್ತಿ ಒತ್ತಿ ಆ ರಿಂಗ್ ಸಡಲ ಆಗ್ತದ. ನನ್ನ ಮುಂದ ಬರೋ ಮಿಣುಕೋ ಟಾರ್ಚಿನಾಗ ಹೆಚ್ಚಿನವು ಇದರಿಂದನೇ. ನೋಸ್ ಪ್ಲೈಯರಿನ ಎರಡು ತುದಿ ಆ ತೂತಿನಾಗ ಇಟ್ಟು ಬಲಕ್ಕ ತಿರುವಿ ಬಿಗಿ ಮಾಡು. ಜಾಸ್ತಿ ಜೋರು ಬ್ಯಾಡ, ಅಲ್ಯೂಮಿನಿಯಂ ಥ್ರೆಡ್ ಮೆತ್ತಗ ಇರ್ತದ.

ಬಿಗಿ ಮಾಡೋ ಮೊದಲು ರಿಂಗ್ ಪೂರಾ ತಗದು ಸ್ವಚ್ಛ ಮಾಡೋದು ಛಲೋ. ನಮ್ಮ ಕರಿಮಣ್ಣಿನ ಧೂಳು ಹಿಟ್ಟಿನಂಗ ಸಣ್ಣದು, ಥ್ರೆಡ್ಡಿನ ಎಣ್ಣಿ ಜೋಡಿ ಕೂಡಿ ಕರಿ ಪೇಸ್ಟ್ ಆಗಿ ಕೂತಿರ್ತದ. ಮೊಬೈಲ್ ರಿಪೇರಿಯವರ ಹತ್ರ ಐಸೊಪ್ರೊಪೈಲ್ ಆಲ್ಕೋಹಾಲ್ (ಕೊಳಿ ಒರಸೋ ದ್ರವ) ಇರ್ತದ, ಅರಿವಿಗೆ ಹಚ್ಚಿ ಥ್ರೆಡ್, ಬಾಡಿಯ ಅಂಚು, ಸ್ಪ್ರಿಂಗಿನ ತುದಿ ಒರಸು. ಕಪ್ಪು ಹೋಗಲಿಲ್ಲ ಅಂದ್ರ ಪೆನ್ಸಿಲ್ ರಬ್ಬರ್‌ನಿಂದ ತಿಕ್ಕು. ಎಮರಿ ಪೇಪರ್ ಹಚ್ಚಿ ಹೊಳಪು ಬರೋತನಕ ಉಜ್ಜೋರು ಅದಾರ, ಅದು ತಪ್ಪು. ಮ್ಯಾಲಿನ ಲೇಪ ಕಿತ್ತು ಹೋದ್ರ ಮುಂದ ಜಲ್ದಿ ಜಂಗು ಹಿಡೀತದ.

ಇಷ್ಟು ಸಣ್ಣ ಕೊಳಿ ಏನು ಮಾಡ್ತದ ಅನ್ನಬ್ಯಾಡ್ರಿ. ಟಾರ್ಚು 2 ಆಂಪಿಯರ್ ಎಳೀತದ ಅಂತ ಹಿಡೀರಿ. ಸಂದಿನಾಗ 0.1 ಓಮ್ ಅಡ್ಡಿ ಇದ್ರ 0.2 ವೋಲ್ಟ್ ಅಲ್ಲೇ ಹೋಗ್ತದ, 0.4 ವ್ಯಾಟ್ ಬಿಸಿ ಆಗಿ ಕೂಡ್ತದ. 3.7 ವೋಲ್ಟಿನ ಒಂದೇ ಸೆಲ್ಲಿಗೆ ಅದು ಸಣ್ಣ ಲೆಕ್ಕ ಅಲ್ಲ. ಆ ಬಿಸಿಗೆ ಸ್ಪ್ರಿಂಗು ಮೆತ್ತಗಾಗಿ ಕುಗ್ಗತದ, ಕುಗ್ಗಿದ್ರ ಸಂದಿ ಇನ್ನೂ ಸಡಲ, ಬಿಸಿ ಇನ್ನೂ ಜಾಸ್ತಿ. ಸ್ಪ್ರಿಂಗು ಕುಗ್ಗಿದ್ರ ಬದಲ ಮಾಡಿಸು.

ಬೀದರ್ ಕೋಟೆ

ಕಾಕಾರ, ಥ್ರೆಡ್ಡಿಗೆ ವ್ಯಾಸಲಿನ್ ಹಚ್ಚಬಹುದೇನ್ರಿ? ನಾ ಹಂಗೇ ಮಾಡ್ತೀನಿ.

ಸೋಲ್ಡರ್ ಕಾಕಾ (ಕಲಬುರಗಿ)

ಬ್ಯಾಡ್ರಿ. ಕೆಲವು ಜಾತಿ ರಬ್ಬರ್ ರಿಂಗ್ ಅದಕ್ಕ ಉಬ್ಬಿ ಹಾಳಾಗ್ತಾವ, ಆಮ್ಯಾಲ ನೀರು ಒಳಗ ಬರ್ತದ. ಸಿಲಿಕಾನ್ ಗ್ರೀಸ್ ತೆಳ್ಳಗ ಹಚ್ಚ್ರಿ, ಥ್ರೆಡ್ಡಿಗೆ ಮತ್ತ ಕರಿ ರಬ್ಬರ್ ರಿಂಗಿಗೆ ಅಷ್ಟೇ. ಲೋಹ ಲೋಹಕ್ಕ ತಾಗೋ ಅಂಚಿಗೆ ಗ್ರೀಸ್ ಹತ್ತಬಾರದು.

ಕರಿಮಣ್ಣು (ಜೇವರ್ಗಿ)

ರಿಂಗ್ ಸಡಲೇ ಇತ್ತು ಕಾಕಾ, ಅರ್ಧ ಸುತ್ತು ತಿರುಗಿತು. ಸ್ವಚ್ಛ ಮಾಡಿ ಬಿಗಿ ಮಾಡೀನಿ. ಅಣ್ಣನ ಸೆಲ್ಲಿನ ಮ್ಯಾಲ ನಿನ್ನೆ ರಾತ್ರಿ ಪೂರಾ ನೀರು ಬಿಟ್ಟು ಬಂದೆ, ಒಮ್ಮೆನೂ ಮಿಣುಕಲಿಲ್ಲ. ಹಳೇ ಸೆಲ್ಲಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬಳಸಲೇನು?

ಸೋಲ್ಡರ್ ಕಾಕಾ (ಕಲಬುರಗಿ)

ಟೇಪ್ ಬ್ಯಾಡ, ದಪ್ಪ ಆಗಿ ಬಾಡಿದಾಗ ಸಿಕ್ಕಿ ಮತ್ತ ಹರೀತದ, ಬಿಸಿಗೆ ಅಂಟೂ ಬಿಡ್ತದ. ಮೊದಲು ವೋಲ್ಟ್ ಅಳಿಯೋ ಮೀಟರ್ ಹಚ್ಚಿ ನೋಡು. ಪೂರಾ ಚಾರ್ಜ್ ಆದ ಮ್ಯಾಲ 4.2 ವೋಲ್ಟ್ ಹತ್ರ ಇರಬೇಕು, ಒಂದು ರಾತ್ರಿ ಸುಮ್ನ ಇಟ್ರೂ ಭಾಳ ಇಳೀಬಾರದು. 2.5ಕ್ಕಿಂತ ಕೆಳಗ ಇಳದಿದ್ರ, ಡಬ್ಬಿಗೆ ತಗ್ಗು ಬಿದ್ದಿದ್ರ, ಇಲ್ಲಾ ಉಬ್ಬಿದ್ರ ಚಾರ್ಜಿಗೆ ಹಾಕಲೇಬ್ಯಾಡ. ಚೆಂದ ಇದ್ರ 18650ಕ್ಕಂತನೇ ಬರೋ, ಬಿಸಿಗೆ ಕುಗ್ಗಿ ಕೂಡೋ ಪಿವಿಸಿ ಶ್ರಿಂಕ್ ಹೊದಿಕಿ ಮತ್ತ ಪ್ಲಸ್ ಕಡೆ ಹಾಕೋ ಕಾಗದದ ಬಿಲ್ಲೆ ಎರಡೂ ಹೊಸದು ಹಾಕಿಸು. ಬ್ಯಾಟರಿ ಪ್ಯಾಕ್ ಕಟ್ಟೋರ ಹತ್ರ ಸಿಗ್ತಾವ, ಬಿಸಿಗಾಳಿ ಮಷೀನಿನಿಂದ ಅವರೇ ಕೂಡಿಸಿ ಕೊಡ್ತಾರ. ಲೈಟರ್ ಬೆಂಕಿ ಹಿಡದು ನೀ ಮಾಡಬ್ಯಾಡ.

ಬಿಡಿ ಸೆಲ್ಲು ಕಿಸೆದಾಗ ಕೀಲಿ, ಚಿಲ್ಲರ ಜೋಡಿ ಇಡಬ್ಯಾಡ, ಪ್ಲಾಸ್ಟಿಕ್ ಡಬ್ಬಿದಾಗ ಇಡು. ಬ್ಯಾಸಗಿದಾಗ 42-43 ಡಿಗ್ರಿ ಬಿಸಲಿಗೆ ಪತ್ರಾಸ್ ಶೆಡ್ಡಿನಾಗ, ಗಾಡಿ ಡಿಕ್ಕಿದಾಗ ಟಾರ್ಚು ಬಿಡಬ್ಯಾಡ. ಹಳೇದು ಕೆಟ್ಟಿತ್ತಂದ್ರ ಎರಡೂ ತುದಿಗೆ ಟೇಪ್ ಹಚ್ಚಿ ಇ-ವೇಸ್ಟ್ ತಗೋಳೋರಿಗೆ ಕೊಡು. ಒಲಿಗೆ, ತಿಪ್ಪಿಗೆ ಒಗಿಬ್ಯಾಡ.